ಚೌಕ ನಲವತ್ತೇಳರ ಎರಡನೇ ಸಹಿ

ಸಸ್ಯ ಸಮೀಕ್ಷೆಯ ಕಚೇರಿಯಲ್ಲಿ ಮಳೆಗಾಲದ ದೊಡ್ಡ ಕೆಲಸವೆಂದರೆ ಕಾಗದ ಬದಲಿಸುವುದು. ಗುಡ್ಡ, ಹಳ್ಳ, ಬಯಲುಗಳಿಂದ ತಂದ ಗಿಡಗಳನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಎರಡು ಮರದ ಚೌಕಟ್ಟುಗಳ ನಡುವೆ ಇಟ್ಟು ಪಟ್ಟಿಯಿಂದ ಬಿಗಿಯುತ್ತೇವೆ. ಹಾಳೆ ತೇವ ಹೀರುತ್ತದೆ. ದಿನಕ್ಕೊಮ್ಮೆ ಅದನ್ನು ತೆಗೆದು ಒಣಗಿದ್ದನ್ನು ಇಡದಿದ್ದರೆ ಗಿಡಕ್ಕೆ ಬೂಷ್ಟು ಹಿಡಿಯುತ್ತದೆ. ಆ ಸಂಜೆ ನಾವು ಉದ್ದನೆಯ ಮೇಜಿನ ಸುತ್ತ ನಿಂತು ಇದೇ ಕೆಲಸ ಮಾಡುತ್ತಿದ್ದೆವು. ಆರು ಗಂಟೆಗೆ ಮನೆ ಸೇರಬೇಕಾದವರನ್ನು ಮಳೆ ಏಳಾದರೂ ಹೊರಗೆ ಬಿಟ್ಟಿರಲಿಲ್ಲ. ಕಿಟಕಿಯ ಗಾಜಿನ ಮೇಲೆ ನೀರು ಹಾಳೆಯಂತೆ ಇಳಿಯುತ್ತಿತ್ತು. ಕೋಣೆಯಲ್ಲಿ ನುಸಿಗುಳಿಗೆಯ ವಾಸನೆಯೂ ಒದ್ದೆ ಕಾಗದದ ವಾಸನೆಯೂ ಬೆರೆತಿದ್ದವು.

ಮರುದಿನ ಹೊಸ ಸುತ್ತಿನ ಸಮೀಕ್ಷೆ ಶುರುವಾಗಬೇಕಿತ್ತು. ಕನ್ನಡಕದ ಹುಡುಗಿ, ಅವಳ ಜೊತೆಗಾರನಾದ ಉದ್ದನೆಯವನು, ವಾರದ ಹಿಂದೆ ಕೆಲಸಕ್ಕೆ ಸೇರಿದ್ದ ಜೀಪಿನ ಚಾಲಕ, ಕಪಾಟುಗಳ ಬೀಗದ ಕೈ ಇಟ್ಟುಕೊಂಡಿರುವ ನಾನು, ಮತ್ತು ತಾತ. ಕೋಣೆಯಲ್ಲಿದ್ದದ್ದು ಇಷ್ಟೇ ಜನ.

ತಾತ ಈ ಕಚೇರಿಯಿಂದ ನಿವೃತ್ತರಾಗಿ ಇಪ್ಪತ್ತೊಂದು ವರ್ಷವಾಯಿತು. ಆದರೂ ದಿನಾ ಬರುತ್ತಾರೆ. ಬಂದವರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಒಂದು ಗಳಿಗೆ ಕೈ ಮುಗಿದು, ಆಮೇಲೆ ಯಾರನ್ನಾದರೂ ಹಾಸ್ಯ ಮಾಡಿಯೇ ಕೆಲಸಕ್ಕೆ ಕೈ ಹಾಕುವುದು. ನಾಲ್ಕು ತಿಂಗಳ ಹಿಂದೆ ಅವರ ಹೆಂಡತಿ ತೀರಿಕೊಂಡರು. ಅಂದಿನಿಂದ ಆ ಕೈ ಮುಗಿಯುವ ಗಳಿಗೆ ಸ್ವಲ್ಪ ಉದ್ದವಾಗಿದೆ. ಹಾಸ್ಯ ಮಾತ್ರ ನಿಂತಿಲ್ಲ.

ಮಾತು ತೆಗೆದವನು ಚಾಲಕ. "ತಾತ, ನಾಳೆ ಇವರನ್ನ ನಲವತ್ತೇಳನೇ ಚೌಕಕ್ಕೆ ಬಿಡಬೇಕಂತೆ. ಅಲ್ಲಿಗೆ ಒಬ್ಬರೇ ಹೋಗಬಾರದು ಅಂತ ಹೊರಗೆಲ್ಲ ಮಾತಾಡ್ತಾರಲ್ಲ, ಯಾಕೆ?"

"ಒಬ್ಬರೇ ಹೋಗಬಾರದು ಅಂತ ಯಾರಂದ್ರು?" ಎಂದರು ತಾತ, ಕೈಯಲ್ಲಿದ್ದ ಹಾಳೆಯನ್ನು ನಿಧಾನವಾಗಿ ಸರಿಪಡಿಸುತ್ತ. "ಅಲ್ಲಿಗೆ ಒಬ್ಬರೇ ಹೋಗೋಕೆ ಆಗೋದೇ ಇಲ್ಲ."

ಉದ್ದನೆಯವನು ನಕ್ಕ. ಕನ್ನಡಕದ ಹುಡುಗಿ ನಗಲಿಲ್ಲ. ನಾನು ಎಲ್ಲರಿಗೂ ಚಹಾ ಬಗ್ಗಿಸಿದೆ.

"ಕೈ ನಿಲ್ಲಿಸಬೇಡಿ, ಕಿವಿ ಮಾತ್ರ ಇತ್ತ ಕೊಡಿ," ಎಂದು ತಾತ ಶುರು ಮಾಡಿದರು.

"ಇವನು ಹೊಸಬ, ಅದಕ್ಕೆ ಬುಡದಿಂದ ಹೇಳ್ತೀನಿ. ನೋಡಪ್ಪ, ನಕ್ಷೆ ಮೇಲೆ ಇಡೀ ಸೀಮೆನ ಚೌಕ ಚೌಕವಾಗಿ ಕೊಯ್ದಿಟ್ಟಿದೀವಿ, ಮುನ್ನೂರ ಹನ್ನೆರಡು ಚೌಕ. ಒಂದೊಂದಕ್ಕೂ ಇಬ್ಬರು ಹೋಗಬೇಕು. ಒಬ್ಬ ಮುಂದೆ ನಡೀತಾ ಕಂಡ ಗಿಡದ ಹೆಸರು ಕೂಗ್ತಾನೆ, ಇನ್ನೊಬ್ಬ ಹಿಂದೆ ತಲೆ ತಗ್ಗಿಸ್ಕೊಂಡು ಪುಸ್ತಕದಲ್ಲಿ ಬರೀತಾನೆ. ಆಮೇಲೆ ಯಾವ ಗಿಡ ಯಾವ ಚೌಕದಲ್ಲಿ ಇದೆಯೋ ಅಲ್ಲೊಂದು ಚುಕ್ಕೆ. ಹೀಗೆ ಚುಕ್ಕೆ ಇಡ್ತಾ ಹೋದ್ರೆ ಗಿಡ ಎಲ್ಲಿಂದ ಎಲ್ಲಿವರೆಗೆ ಹಬ್ಬಿದೆ ಅಂತ ಕಣ್ಣಿಗೇ ಕಾಣುತ್ತೆ. ಇರಬಾರದ ಕಡೆ ಒಂದು ಗಿಡ ಸಿಕ್ತು ಅನ್ನು, ಆಗ ಏನು ಮಾಡಬೇಕು? ಒಂದು ಗಿಡ ಕಿತ್ತು ಒಣಗಿಸಿ ತರಬೇಕು. ಆದ್ರೆ ಅಲ್ಲಿ ಹತ್ತಕ್ಕಿಂತ ಕಡಿಮೆ ಇದ್ರೆ ಕೀಳೋ ಹಾಗಿಲ್ಲ, ವಂಶನೇ ಹೋಗ್ಬಿಡುತ್ತೆ. ಆಗ ಮಾತಿಗೆ ಆಧಾರ ಏನು? ಇಬ್ಬರ ಸಹಿ. ಇಬ್ಬರೂ ಕಣ್ಣಾರೆ ನೋಡಿರಬೇಕು, ಇಬ್ಬರೂ ಸಹಿ ಹಾಕಬೇಕು. ಒಂದೇ ಸಹಿ ಇದ್ರೆ ಕೆಂಪು ಗೆರೆ, ಸಾಲು ಹೊಡೆದು ಹಾಕ್ತಾರೆ. ಇವತ್ತಿಗೂ ಅದೇ ನಿಯಮ.

"ಆಗ ನನಗೆ ಮೂವತ್ತೆರಡು. ನನ್ನ ಜೊತೆಗಾರ ಯಾರು ಅಂದ್ರೆ ನಮ್ಮವಳ ಅಣ್ಣ. ಅವನು ನನಗೆ ಭಾವ, ನಾನು ಅವನಿಗೆ ಭಾವ, ಇಬ್ಬರು ಭಾವಂದಿರನ್ನ ಒಂದೇ ಚೌಕಕ್ಕೆ, ಇದೇ ನಲವತ್ತೇಳಕ್ಕೆ, ಕಳಿಸಿದ ಸಾಹೇಬರಿಗೆ ಎಷ್ಟು ಧೈರ್ಯ ಇರಬೇಕು ನೋಡಿ... ಅವನಿಗೆ ಗಿಡ ಗೊತ್ತಿದ್ದ ಹಾಗೆ ಇನ್ಯಾರಿಗೂ ಗೊತ್ತಿರಲಿಲ್ಲ. ಆದ್ರೆ ಬಾಯಿ ಸುಮ್ಮನಿರಬೇಕಲ್ಲ? ಮುಳ್ಳು ಕಂಡ್ರೆ 'ಬರಕೋ ಭಾವ, ನಿನ್ನ ನಾಲಿಗೆ' ಅನ್ನೋನು. ಮುಟ್ಟಿದ್ರೆ ಮುದುಡೋ ಗಿಡ ಕಂಡ್ರೆ 'ಬರಕೋ, ಮಾವನ ಮುಂದೆ ನೀನು' ಅನ್ನೋನು. ನಾನು ಗಿಡದ ಹೆಸರು ಯಾವುದು, ಬೈಗುಳ ಯಾವುದು ಅಂತ ಸೋಸಿ ಸೋಸಿ ಬರೀಬೇಕಿತ್ತು.

"ಮೂರನೇ ದಿನ. ನನ್ನ ಕಾಲಲ್ಲಿ ಹೊಸ ಬೂಟು, ಹಿಮ್ಮಡಿಯಲ್ಲಿ ಬೊಬ್ಬೆ. ಒಂದು ದೊಡ್ಡ ಬಂಡೆ, ನೆಟ್ಟಗೆ ಗೋಡೆ ಎಬ್ಬಿಸಿದ ಹಾಗೆ, ಅದರ ಬುಡದಲ್ಲೊಂದು ತೊರೆ. ನಾನು ತೊರೆಯಲ್ಲಿ ಕಾಲು ಇಳಿಬಿಟ್ಟು ಕೂತೆ. ಅವನು ಬಂಡೆ ಹತ್ತಿದ. ಸ್ವಲ್ಪ ಹೊತ್ತಾಯ್ತು, ಮೇಲಿಂದ ಕೂಗು. 'ಭಾವಾ, ಬಾರಯ್ಯಾ... ಕಿವಿಯೋಲೆ.'

"ಕಿವಿಯೋಲೆ ಅಂದ್ರೆ ಗೇಣುದ್ದದ ಗಿಡ. ಬಂಡೆ ಬಿರುಕಿನಲ್ಲಿ ಬೆಳೆಯುತ್ತೆ. ಹಳದಿ ಹೂವು, ಸಣ್ಣ ತೊಟ್ಟಿನಿಂದ ಜೋತುಬಿದ್ದು ಗಾಳಿಗೆ ತೂಗ್ತಾ ಇರುತ್ತೆ, ಹೆಣ್ಣುಮಕ್ಕಳ ಕಿವಿಯಲ್ಲಿ ತೂಗೋ ಹಾಗೇನೇ. ಆದ್ರೆ ಅದು ಹೊಳೆಯಿಂದ ಆಚೆ ಮಾತ್ರ ಇರೋ ಗಿಡ. ಹೊಳೆಯಿಂದ ಈಚೆ ಒಂದು ಚುಕ್ಕೆ ಇಲ್ಲ. ನಾವಿದ್ದದ್ದು ಹೊಳೆಯಿಂದ ಮೂವತ್ತು ಮೈಲಿ ಈಚೆ. ಅಲ್ಲಿ ಅದು ಇದೆ ಅಂದ್ರೆ ಆ ಗಿಡದ ಎಲ್ಲೆಯನ್ನೇ ಹೊಸದಾಗಿ ಬರೀಬೇಕು.

"ನಾನು ಎದ್ದೆನಾ? ಏಳಲಿಲ್ಲ. ಯಾಕೆ ಅಂತೀರಾ? ಹಿಂದಿನ ದಿನ ಇದೇ ಮಹಾನುಭಾವ, ಬಂಡೆ ಮೇಲೆ ತಾವರೆ ಅರಳಿದೆ ಅಂತ ಕೂಗಿ ನನ್ನನ್ನ ಅರ್ಧ ಮೈಲಿ ಹತ್ತಿಸಿ, 'ನಿನಗೆ ವ್ಯಾಯಾಮ ಬೇಕು ಭಾವ, ತಂಗಿ ಹೇಳಿದಾಳೆ' ಅಂದಿದ್ದ. ಹಾಗಾಗಿ ನಾನು ಕೂತಲ್ಲಿಂದಲೇ 'ಕಿವಿಗೆ ಹಾಕ್ಕೊಂಡು ಇಳಿದು ಬಾ, ನೋಡ್ತೀನಿ' ಅಂದೆ. ಅವನು ಮತ್ತೆ ಕೂಗಿದ. ಮೂರು ಸಲ ಕೂಗಿದ. ಅಷ್ಟರಲ್ಲಿ ಮಳೆ ಬಂತು.

"ಸಂಜೆ ಬಿಡಾರದಲ್ಲಿ ಪುಸ್ತಕ ಬಿಚ್ಚಿದ. ಕಿವಿಯೋಲೆ, ಮೂರು ಗಿಡ, ಬಂಡೆಯ ಪೂರ್ವದ ಅಂಚು ಅಂತ ಬರೆದು ಸಹಿ ಹಾಕಿ ನನ್ನ ಮುಂದೆ ತಳ್ಳಿದ. ಮೂರೇ ಗಿಡ, ಹಾಗಾಗಿ ಕಿತ್ತಿರಲಿಲ್ಲ. ಮುಖ ನೋಡಿದೆ. ತಮಾಷೆ ಇಲ್ಲ. ಆದ್ರೂ... ನಾನು ನೋಡಿಲ್ಲವಲ್ಲ? ನೋಡದೆ 'ನೋಡಿದೆ' ಅಂತ ಸಹಿ ಹಾಕೋದು ಹೇಗೆ? 'ನಾನು ನೋಡಿಲ್ಲ ಭಾವ' ಅಂದೆ. 'ನಾನು ಹೇಳ್ತಿದೀನಲ್ಲ, ಮೇಲಿರೋ ದೇವರು ನೋಡಿದಾನೆ' ಅಂದ. 'ದೇವರು ಪುಸ್ತಕದಲ್ಲಿ ಸಹಿ ಹಾಕಲ್ಲ. ನಾಳೆ ಇಬ್ಬರೂ ಹತ್ತೋಣ' ಅಂದೆ.

"ಬೆಳಿಗ್ಗೆ ಹೋಗಿ ನೋಡ್ತೀವಿ, ಮಳೆಗೆ ಆ ಅಂಚು ಕುಸಿದು ತೊರೆಗೆ ಬಿದ್ದಿದೆ. ಗಿಡ ಎಲ್ಲಿ, ಬಿರುಕು ಎಲ್ಲಿ?

"ಸಾಹೇಬರು ಕೆಂಪು ಗೆರೆ ಎಳೆದ್ರು. ಅದು ಕಚೇರಿಯಲ್ಲೆಲ್ಲ ಹರಡಿತು. ಮಾರನೇ ದಿನವೇ ಅವನ ಕುರ್ಚಿಗೆ ಯಾರೋ ಹಳದಿ ಕಾಗದದ ಓಲೆ ಕಟ್ಟಿದ್ರು. ಅವನು ಅದನ್ನ ಬಿಚ್ಚಿ ಕಿವಿಗೇ ಸಿಕ್ಕಿಸ್ಕೊಂಡು ಇಡೀ ದಿನ ಓಡಾಡಿದ, ನಗಿಸಿದ. ಓಲೆರಾಯ ಅಂತಲೇ ಹೆಸರಾಯ್ತು. ಆದ್ರೆ ಆಮೇಲೆ ಅವನು ಯಾವ ಅಪರೂಪದ ಗಿಡದ ಹೆಸರು ಹೇಳಿದ್ರೂ ಜನ ಒಂದು ಕ್ಷಣ ತಡೆದು ನನ್ನ ಕಡೆ ನೋಡೋರು, ನಿಜವಾ ಅನ್ನೋ ಹಾಗೆ. ಆ ಒಂದು ಕ್ಷಣ ಇದೆಯಲ್ಲ... ಅದು ಅವನನ್ನ ತಿಂತು. ಹನ್ನೊಂದು ವರ್ಷ, ಪ್ರತಿ ಮಳೆಗಾಲ, ರಜೆ ಹಾಕಿ ಒಬ್ಬನೇ ಆ ಬಂಡೆ ಸುತ್ತಿ ಬಂದ. ಏನೂ ಸಿಗಲಿಲ್ಲ.

"ಮನೆಯಲ್ಲಿ ನಮ್ಮವಳು ಜಗಳ ಆಡಲಿಲ್ಲ. ಒಂದೇ ಸಲ ಕೇಳಿದ್ಲು. 'ನೀವು ಕಾಲು ತೊಳಕೊಂಡು ಕೂತಿದ್ದಕ್ಕೆ ನಮ್ಮಣ್ಣ ಸುಳ್ಳುಗಾರ ಆಗಬೇಕಾ?'"

ತಾತ ಚಹಾ ಕುಡಿದರು. ಚಾಲಕ ಕಾಗದ ಬದಲಿಸುವುದನ್ನು ಬಿಟ್ಟಿದ್ದ. "ಕೈ ನಡೀಲಿ ಮಗಾ, ಬೂಷ್ಟು ಬಂದ್ರೆ ನಿನ್ನ ಹೆಸರೇ ಬರೀತೀನಿ," ಎಂದು ಅವನ ಮುಂದಿನ ಕಟ್ಟನ್ನು ಬೆರಳಿನಿಂದ ತಟ್ಟಿ ಮುಂದುವರಿಸಿದರು.

"ಹನ್ನೆರಡನೇ ವರ್ಷ ಅವನಿಗೆ ಜ್ವರ ಬಂತು. ಮಲಗಿದವನು ಏಳಲಿಲ್ಲ. ನಾನು ಪಕ್ಕದಲ್ಲಿ ಕೂತಿದ್ದೆ. 'ನಿಜ ಹೇಳು ಭಾವ, ನಾನು ಸುಳ್ಳು ಹೇಳ್ದೆ ಅಂತ ನಿನಗನ್ಸಿತ್ತಾ?' ಅಂದ. ಇಲ್ಲ ಅಂದುಬಿಟ್ಟಿದ್ರೆ ಏನು ಗಂಟು ಹೋಗ್ತಿತ್ತು ನಂದು? ಸಾಯೋ ಮನುಷ್ಯ ಕೇಳ್ತಿದಾನೆ... ನನ್ನ ಬಾಯಲ್ಲಿ ಬಂದದ್ದು ಏನು ಗೊತ್ತಾ? 'ಗೊತ್ತಿಲ್ಲ ಭಾವ, ನಾನು ನೋಡಲಿಲ್ಲವಲ್ಲ.' ಅದು ಯಾವ ಸೀಮೆ ಸತ್ಯವೋ ಏನೋ, ದೇವರ ಮುಂದೆ ಕೂತಾಗೆಲ್ಲ ಕೇಳ್ತೀನಿ, ಅವನು ಇನ್ನೂ ಹೇಳಿಲ್ಲ. ಭಾವ ಮಾತ್ರ ನಕ್ಕ. 'ಹಟಮಾರಿ ನೀನು. ನಿನಗೆ ತೋರಿಸೋ ತನಕ ಬಿಡಲ್ಲ' ಅಂದ. ಎರಡು ದಿನಕ್ಕೆ ಹೋದ. ಸಾಯೋನು ಹಾಗಂದ್ರೆ ನಾವು ಏನು ಅಂದ್ಕೋತೀವಿ? ಪಾಪ, ಕೊನೇ ತಮಾಷೆ ಅಂದ್ಕೋತೀವಿ. ಅಲ್ವಾ?

"ಅದೇ ವರ್ಷ ನಕ್ಷೆಯ ಪುಸ್ತಕ ಅಚ್ಚಿಗೆ ಹೋಗೋದಿತ್ತು. ಅನುಮಾನ ಇದ್ದ ಚೌಕಗಳನ್ನ ಇನ್ನೊಂದು ಸಲ ನಡೆದು ಬನ್ನಿ ಅಂತ ಅಪ್ಪಣೆ ಆಯ್ತು. ನನ್ನ ಪಾಲಿಗೆ ಬಂದದ್ದು ನಲವತ್ತೇಳನೇ ಚೌಕ. ಜೊತೆಗೆ ಒಬ್ಬ ಹೊಸಬ. ಐದು ನಿಮಿಷಕ್ಕೊಂದು ಸಲ ಕೈ ಎತ್ತಿ ವಾಚು ನೋಡ್ಕೊಳ್ಳೋನು, ಅದಕ್ಕೆ ಅವನನ್ನ ಗಡಿಯಾರ ಅಂತಿದ್ವಿ. ಗಡಿಯಾರ ಮುಂದೆ ಹೆಸರು ಕೂಗ್ತಾ, ನಾನು ಹಿಂದೆ ಬರೀತಾ. ಕತ್ತಲೆ ಗಿತ್ತಲೆ ಏನೂ ಅಲ್ಲ, ನಡುಹಗಲು, ಮಳೆ ಬಿಟ್ಟು ಚೆನ್ನಾಗಿ ಬಿಸಿಲು ಬಿದ್ದಿದೆ, ಹುಲ್ಲಿನ ಮೇಲೆ ಹನಿ ಹೊಳೀತಿದೆ. ಬರೆಯೋನು ತಲೆ ಎತ್ತಲ್ಲ, ನಿಮಗೇ ಗೊತ್ತು. ಕೂಗಿನ ಹಿಂದೆ ಹೋಗ್ತಾ ಇರ್ತಾನೆ, ಕುರಿ ಹಾಗೆ. ನಾನೂ ಹೋಗ್ತಾ ಇದೀನಿ, ಹೆಸರು ಬರ್ತಾ ಇದೆ, ಬರೀತಾ ಇದೀನಿ, ಪುಟ ಮಗುಚ್ತಾ ಇದೀನಿ... ಕೂಗು ಚುರುಕಾಗಿದೆ, ಈ ಹೊಸಬ ಇಷ್ಟು ಬೇಗ ಪಳಗಿಬಿಟ್ನಲ್ಲ ಅಂತ ಖುಷಿನೂ ಆಗ್ತಿದೆ. ಆಗ ಹಿಂದಿನಿಂದ ಯಾರೋ ಏದುಸಿರು ಬಿಡ್ತಾ ಓಡಿ ಬಂದು ನನ್ನ ಭುಜ ಹಿಡೀತಾರೆ.

"ಗಡಿಯಾರ. 'ಏನ್ ಸ್ವಾಮಿ, ಮುಳ್ಳು ತೆಗೀತಿದ್ದೆ, ನಿಂತ್ಕೊಳ್ಳಿ ಅಂದ್ರೂ ಕೇಳದೆ ಬಂದ್ಬಿಟ್ರಿ. ಇಪ್ಪತ್ತೆಂಟು ನಿಮಿಷದಿಂದ ಹುಡುಕ್ತಿದೀನಿ' ಅಂದ.

"ಇಪ್ಪತ್ತೆಂಟು ನಿಮಿಷ. ಅವನು ಲೆಕ್ಕ ತಪ್ಪೋನಲ್ಲ. ನಾನು ಪುಸ್ತಕ ನೋಡಿದೆ. ಅರವತ್ತೆರಡು ಗಿಡ ಬರೆದಿದೀನಿ, ನನ್ನದೇ ಅಕ್ಷರ, ಒಂದೂ ತಪ್ಪಿಲ್ಲ. ಮಧ್ಯ ಒಂದು ಮುಳ್ಳುಗಿಡದ ಸಾಲಲ್ಲಿ, ಸೋಸೋದು ಮರೆತು, 'ನಿನ್ನ ನಾಲಿಗೆ' ಅಂತಲೂ ಬರೆದುಬಿಟ್ಟಿದೀನಿ.

"ಮೈಯೆಲ್ಲ ಒಂದು ಸಲ ತಣ್ಣಗಾಯ್ತು. ಹಾಗೇ ನಗುನೂ ಬಂತು, ಏನ್ಮಾಡಲಿ? ಎದುರಿಗೆ ನೋಡಿದ್ರೆ ಅದೇ ಬಂಡೆ. ಮೇಲಿಂದ, ಇಷ್ಟು ಸ್ಪಷ್ಟವಾಗಿ, 'ಭಾವಾ, ಬಾರಯ್ಯಾ...'

"'ಕೇಳಿಸ್ತಾ?' ಅಂದೆ. 'ಏನು?' ಅಂದ ಗಡಿಯಾರ. 'ನಮ್ಮ ಭಾವ ಕರೀತಿದಾನೆ.' 'ಯಾವ ಭಾವ?' 'ಮೊನ್ನೆ ತೀರಿಹೋದೋನು.' ಪಾಪ, ಅವನ ಮುಖ ನೋಡಬೇಕಿತ್ತು. ಅವತ್ತೊಂದು ದಿನ ವಾಚು ನೋಡ್ಕೊಳ್ಳೋದು ಮರೆತ.

"ಹನ್ನೆರಡು ವರ್ಷದ ಹಿಂದೆ ಏಳದೆ ಇದ್ದೋನು ಅವತ್ತು ಎದ್ದೆ. ನಲವತ್ತನಾಲ್ಕರ ಮೈ, ಹೊಟ್ಟೆ ಬೇರೆ ಬಂದಿತ್ತು. ಪ್ಯಾಂಟು ಮೊಣಕಾಲಲ್ಲಿ ಹರೀತು, ಉಗುರು ಕಿತ್ತು ಬಂತು. ಮೇಲಿಂದ ಸುಮ್ಮನಿರಬೇಕಾದೋನು ಸುಮ್ಮನಿದ್ನಾ? 'ಎಡಗಾಲು ಮೊದಲು... ಅದು ಬಲಗಾಲು ಕಣಯ್ಯ' ಅಂತ ಪೂರ್ತಿ ದಾರಿ ಉದ್ದಕ್ಕೂ. ಕುಸಿದಿದ್ದು ಪೂರ್ವದ ಅಂಚು. ಅವನು ನನ್ನನ್ನ ಸುತ್ತಿಸಿ ಹಿಂದಿನ ಅಂಚಿಗೆ ಕರಕೊಂಡು ಹೋದ. ಅಲ್ಲಿ, ಬೆರಳಗಲ ಬಿರುಕಿನಲ್ಲಿ, ಏಳು ಗಿಡ. ಏಳಕ್ಕೂ ಹೂವು. ಹಳದಿ ಓಲೆಗಳು ತೂಗ್ತಾ ಇವೆ. ಗಾಳಿನೇ ಇರಲಿಲ್ಲ ಮಕ್ಕಳಾ, ಆದ್ರೂ ತೂಗ್ತಾ ಇದ್ವು.

"ನಾನು ಅಲ್ಲೇ ಕೂತು ಅತ್ತೆ. 'ನೋಡಿದೆ ಭಾವ, ನೋಡಿದೆ' ಅಂದೆ. ಬದುಕಿದ್ದಾಗ ಒಂದು ಸಲನೂ ಸುಮ್ಮನಾಗದೋನು ಆಗ ಸುಮ್ಮನಾಗಿದ್ದ.

"ಈಗ ಕೇಳಿ. ಏಳು ಗಿಡ, ಕೀಳೋ ಹಾಗಿಲ್ಲ. ಕೆಳಗೆ ಬಂದು ಗಡಿಯಾರನ್ನ ಕರೆದೆ, ಹತ್ತಪ್ಪ, ನೋಡು, ಸಹಿ ಹಾಕು ಅಂತ. ಅವನು ಹತ್ತುತ್ತಾನಾ? 'ನನಗೆ ಹೆಂಡತಿ ಮಕ್ಕಳಿದಾರೆ ಸ್ವಾಮಿ' ಅಂದ. ಹೋಗಲಿ, ಸಹಿನಾದ್ರೂ ಹಾಕು ಅಂದೆ. ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ, 'ನಾನು ನೋಡಿಲ್ಲವಲ್ಲ ಸ್ವಾಮಿ.'

"ಆಹಾ... ಆ ಮಾತು ಕೇಳೋಕೆ ಹೇಗಿರುತ್ತೆ ಅಂತ ಅವತ್ತು ಗೊತ್ತಾಯ್ತು ನನಗೆ. ಕಣ್ಣಾರೆ ಕಂಡಿದೀನಿ, ಎದೆ ಉಬ್ಬಿ ಬಂದಿದೆ, ಎದುರಿಗಿರೋನು ಒಳ್ಳೆ ಮನುಷ್ಯ, ತಪ್ಪೂ ಹೇಳ್ತಿಲ್ಲ. ಆದ್ರೂ ಅವನ ಕಣ್ಣಲ್ಲಿ ಆ ಒಂದು ಕ್ಷಣ. ನಾನು ಸಾಲು ಬರೆದು, ನನ್ನ ಸಹಿ ಹಾಕಿ, ಎರಡನೇ ಸಹಿಯ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ. ಖಾಲಿ ಇತ್ತು ಅನ್ನೋದಕ್ಕೆ ಗಡಿಯಾರನೇ ಸಾಕ್ಷಿ. ಪುಸ್ತಕ ನನ್ನ ಚೀಲದಲ್ಲಿ, ಚೀಲ ನನ್ನ ತೊಡೆ ಮೇಲೆ, ಸೀದಾ ಕಚೇರಿಗೆ ಬಂದು ಸಾಹೇಬರ ಮೇಜಿನ ಮೇಲೆ ಇಟ್ಟೆ.

"ಸಾಹೇಬರು ಬಿಚ್ಚಿದ್ರು. ನೋಡಿದ್ರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ರು. ಪುಸ್ತಕ ನನ್ನ ಕಡೆ ತಿರುಗಿಸಿದ್ರು. ಎರಡನೇ ಸಹಿ ಇದೆ. ಭಾವನ ಸಹಿ, ಕೆಳಗೆ ಅವನು ಯಾವಾಗಲೂ ಎಳೆಯೋ ಬಾಲ, ಪಕ್ಕದಲ್ಲಿ ಆವತ್ತಿನ ತಾರೀಖು. ಗಡಿಯಾರ ಬಗ್ಗಿ ನೋಡಿ 'ಖಾಲಿ ಇತ್ತಲ್ಲ ಸ್ವಾಮಿ' ಅಂದ. ಸಾಹೇಬರೇ ಹನ್ನೆರಡು ವರ್ಷದ ಹಿಂದೆ ಆ ಸಹಿ ಮೇಲೆ ಕೆಂಪು ಗೆರೆ ಎಳೆದೋರು, ಅವರಿಗೆ ಗುರುತು ಸಿಗಲ್ವಾ? ಆಮೇಲೆ ನಿಯಮದ ಹೊತ್ತಗೆ ತೆಗೆದು ಓದಿದ್ರು. 'ನೋಡಿದ ಇಬ್ಬರ ಸಹಿ ಬೇಕು ಅಂತಿದೆ. ಇಬ್ಬರೂ ಬದುಕಿರಬೇಕು ಅಂತ ಎಲ್ಲೂ ಬರೆದಿಲ್ಲ' ಅಂದ್ರು. ಎದ್ದು ನಿಂತು, ತಾವೇ ಕೈಯಾರೆ, ನಕ್ಷೆ ಮೇಲೆ ಚುಕ್ಕೆ ಇಟ್ರು. ಹಳೇ ಪುಸ್ತಕ ತರಿಸಿ, ಹೊಡೆದು ಹಾಕಿದ್ದ ಸಾಲಿನ ಪಕ್ಕ 'ಸರಿ ಇದೆ' ಅಂತ ಬರೆದ್ರು.

"ಮನೆಗೆ ಬಂದು ನಮ್ಮವಳಿಗೆ ಎಲ್ಲ ಹೇಳಿದೆ. ಹೆದರ್ತಾಳೇನೋ ಅಂದ್ಕೊಂಡಿದ್ದೆ. 'ಅಣ್ಣ ಹೇಗಿದ್ದ?' ಅಂದ್ಲು. ಕಾಣಿಸಲಿಲ್ಲ ಕಣೇ, ಸ್ವರ ಮಾತ್ರ ಅಂದೆ. 'ಸ್ವರ ಹೇಗಿತ್ತು?' 'ಬೈತಾನೇ ಇದ್ದ.' 'ಹಾಗಾದ್ರೆ ಚೆನ್ನಾಗಿದಾನೆ' ಅಂತ ಒಳಗೆ ಹೋದ್ಲು. ಒಳಗೆ ಹೋಗಿ ಅತ್ತಿರಬೇಕು. ಆಮೇಲೆ ನನ್ನ ಹತ್ತಿರ ಒಂದೇ ಒಂದು ಕೇಳಿದ್ಲು. 'ಆ ಹೂವು ನನಗೊಂದು ಸಲ ತೋರಿಸಿ.' ಮುಂದಿನ ಮಳೆಗಾಲ ಅಂದೆ. ಮುಂದಿನ ಮಳೆಗಾಲಕ್ಕೆ ಕೊನೇ ಮಗು ಸಣ್ಣದು, ಅದರ ಮುಂದಿನದಕ್ಕೆ ಅವಳ ಮಂಡಿ ನೋವು... ಹೀಗೇ ಮೂವತ್ತೇಳು ಮಳೆಗಾಲ ಹೋಯ್ತು."

ತಾತ ಒಂದು ಒದ್ದೆ ಹಾಳೆ ತೆಗೆದು ಒಣಗಿದ್ದನ್ನು ಹಾಸಿದರು. ಮಳೆಯ ಸದ್ದು ಇಳಿದಿತ್ತು. ಉದ್ದನೆಯವನು ತನ್ನ ಕಟ್ಟಿನ ಪಟ್ಟಿ ಬಿಗಿಯುತ್ತ, "ಕತೆ ಚೆನ್ನಾಗಿದೆ ತಾತ. ಚುಕ್ಕೆ ಬಿತ್ತಲ್ಲ, ಅಲ್ಲಿಗೆ ನಿಮ್ಮ ಭಾವನಿಗೂ ಸಮಾಧಾನ ಆಯ್ತು," ಎಂದ.

"ಹಾಗಂತ ನಾನೂ ಅಂದ್ಕೊಂಡಿದ್ದೆ," ಎಂದರು ತಾತ. "ಹನ್ನೆರಡು ವರ್ಷಕ್ಕೆ ಎರಡನೇ ಸುತ್ತು ಬಂತು. ನಲವತ್ತೇಳರ ಹೊಸ ಪುಸ್ತಕ, ಅಚ್ಚಿನ ಮನೆಯಿಂದ ಬಂದ ಕಟ್ಟು ನಾನೇ ಬಿಚ್ಚಿದೆ. ಇನ್ನೂ ಯಾರೂ ಆ ಕಡೆ ಹೋಗಿಲ್ಲ, ಮೊದಲ ಸಾಲು ಆಗಲೇ ತುಂಬಿದೆ. ಕಿವಿಯೋಲೆ, ಹತ್ತೊಂಬತ್ತು ಗಿಡ. ಭಾವನ ಸಹಿ. ಎರಡನೇ ಜಾಗ ಖಾಲಿ. ನಾನು ಹೋಗಿ ಹತ್ತಿ, ಎಣಿಸಿ, ಸಹಿ ಹಾಕಿ ಬಂದೆ, ಹತ್ತೊಂಬತ್ತೇ ಇದ್ವು. ನಿಯಮದ ಪ್ರಕಾರ ಒಂದನ್ನ ಕೀಳಬಹುದಿತ್ತು, ನನಗೆ ಮನಸ್ಸು ಬರಲಿಲ್ಲ. ಮೂರನೇ ಸುತ್ತಿಗೆ ನಾನು ನಿವೃತ್ತ, ಅರವತ್ತೆಂಟು ವಯಸ್ಸು, ಆದ್ರೂ ಬಿಟ್ನಾ? ಮತ್ತೆ ಅದೇ. ಮೂವತ್ತೊಂದು ಗಿಡ. ಇನ್ನೊಬ್ಬರು ಬಂದು ನೋಡಿ ಸಹಿ ಹಾಕೋ ತನಕ ಅವನು ಆ ಬಂಡೆ ಇಳಿಯಲ್ಲ.

"ಈ ಸುತ್ತಿಗೆ ನನಗೆ ಎಂಬತ್ತೊಂದು. ಮೆಟ್ಟಿಲು ಹತ್ತೋಕೂ ಗೋಡೆ ಬೇಕು. ಇನ್ಯಾರು ಸಹಿ ಹಾಕ್ತಾರೆ ಅಂತ ಒಂದು ವಾರ ನಿದ್ದೆ ಬರಲಿಲ್ಲ. ಇವತ್ತು ಬೆಳಿಗ್ಗೆ ನಲವತ್ತೇಳರ ಕಟ್ಟು ಕೊಡಿ ಅಂತ ಕೇಳ್ದೆ. ಇವರೇ ಕಪಾಟಿನ ಬೀಗ ತೆಗೆದು ಕೊಟ್ರು, ದಾರ ಕತ್ತರಿಸಿದ್ದೂ ಇವರೇ. ಹೌದಾ ಅಲ್ವಾ?"

ಎಲ್ಲರೂ ನನ್ನ ಕಡೆ ನೋಡಿದರು. ಹೌದು ಎಂದೆ. ದಾರ ಬಿಗಿಯಾಗಿಯೇ ಇತ್ತು, ಕತ್ತರಿಸಿದವಳು ನಾನೇ.

ತಾತ ತಮ್ಮ ಚೀಲದಿಂದ ಪುಸ್ತಕ ತೆಗೆದು, ಕನ್ನಡಕದ ಹುಡುಗಿಯ ಮುಂದೆ, ಒದ್ದೆ ಹಾಳೆಗಳನ್ನು ಸರಿಸಿ ಇಟ್ಟರು. ಬಿಚ್ಚಲಿಲ್ಲ. ಅದರ ಮೇಲೆ ಅಂಗೈ ಇಟ್ಟುಕೊಂಡರು.

"ಮೊದಲ ಸಾಲು ತುಂಬಿದೆ ಕಣಮ್ಮ. ಐವತ್ತೆರಡು ಗಿಡ ಅಂತೆ. ಭಾವನ ಸಹಿ ಇದೆ, ಬಾಲ ಇದೆ, ನಾಲ್ಕು ದಿನದ ಹಿಂದಿನ ತಾರೀಖು. ಈ ಸಲ ಎರಡನೇ ಜಾಗನೂ ಖಾಲಿ ಇಲ್ಲ. ದುಂಡು ದುಂಡು ಅಕ್ಷರ, ನಿಧಾನವಾಗಿ ಒತ್ತಿ ಬರೆದದ್ದು. ಐವತ್ತೈದು ವರ್ಷ ಹಾಲಿನ ಚೀಟಿ ಮೇಲೆ, ಮಕ್ಕಳ ಶಾಲೆ ಪುಸ್ತಕದ ಮೇಲೆ ನಾನು ನೋಡಿದ ಕೈ ಅದು, ನನಗೆ ತಪ್ಪುತ್ತಾ? ಇಲ್ಲದ್ದನ್ನ ಸೇರಿಸಿ ಬರೆಯೋ ಹೆಣ್ಣಲ್ಲ ನಮ್ಮವಳು. ನೋಡದೆ ಸಹಿ ಹಾಕೋಳೂ ಅಲ್ಲ.

"ನಾಳೆ ನೀವು ಹೋಗಿ. ಬಿಸಿಲು ಬಿದ್ದಿರುತ್ತೆ. ಮುಂದಿನಿಂದ ಹೆಸರು ಕೂಗೋದು ಕೇಳಿಸಿದ್ರೆ ತಲೆ ಎತ್ತಬೇಡಿ, ಬರೀತಾ ಹೋಗಿ. ಗಂಡು ಸ್ವರ ಗಟ್ಟಿ, ಅದು ತಾನಾಗೇ ಕೇಳಿಸುತ್ತೆ. ಹೆಣ್ಣು ಸ್ವರ ಬಹಳ ಮೆಲ್ಲಗೆ... ಸ್ವಲ್ಪ ನಿಂತು ಕೇಳಿಸ್ಕೊಳ್ಳಿ."